ಒಳ್ಳೆಯ ಅಂಗಡಿಯ ಷೇರು

2015ರ ಏಪ್ರಿಲ್ 16ರಂದು ನ್ಯೂಯಾರ್ಕಿನ ಟೈಮ್ಸ್ ಸ್ಕ್ವೇರಿನಲ್ಲಿ, ನಾಸ್ಡಾಕ್ ಷೇರುಪೇಟೆಯ ಕಟ್ಟಡದ ಮುಂದೆ, ಒಂದು ಪುಟ್ಟ ಸಂತೆ ನೆರೆದಿತ್ತು. ಕೈಯಿಂದ ಮಾಡಿದ ಆಭರಣ, ಹೆಣೆದ ಬಟ್ಟೆ, ಮನೆಯಲ್ಲೇ ತಯಾರಾದ ಅಲಂಕಾರದ ವಸ್ತುಗಳನ್ನು ಇಟ್ಟುಕೊಂಡು ಮಾರುವವರು ನಿಂತಿದ್ದರು. ಕಟ್ಟಡದ ಒಳಗೆ ಅವರ ಸಂತೆಯ ಒಡೆತನವೇ ಮಾರಾಟಕ್ಕಿತ್ತು. ಎಟ್ಸಿ ಎಂಬ ಆನ್‌ಲೈನ್ ಮಾರುಕಟ್ಟೆಯ ಷೇರುಗಳು ಅಂದು ಮೊದಲ ಬಾರಿಗೆ ಸಾರ್ವಜನಿಕರ ಕೈಗೆ ಬಂದವು. 16 ಡಾಲರಿಗೆ ನಿಗದಿಯಾಗಿದ್ದ ಷೇರು ಸಂಜೆಯ ಹೊತ್ತಿಗೆ 30 ಡಾಲರ್ ಆಗಿತ್ತು.

ಕೊಂಡವರು ಕೊಂಡದ್ದು ಏನನ್ನು? ಈ ಪ್ರಶ್ನೆಗೆ ಉತ್ತರ ಸಿಗಲು ಎರಡು ವರ್ಷ ಹಿಡಿಯಿತು. ಅಲ್ಲಿ ನಡೆದದ್ದನ್ನು ಸ್ವಲ್ಪ ನಿಧಾನವಾಗಿ ನೋಡಿದರೆ, ಸಮಾಜದ ಹೊಣೆ ಹೊತ್ತಿದ್ದೇನೆ ಎನ್ನುವ ವ್ಯಾಪಾರವೊಂದರಲ್ಲಿ ಹಣ ಹಾಕುವ ಮುನ್ನ ಯಾವುದನ್ನು ಓದಬೇಕು ಎಂಬುದು ತಿಳಿಯುತ್ತದೆ.

ಎಟ್ಸಿ ಹುಟ್ಟಿದ್ದು 2005ರಲ್ಲಿ, ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ. ರಾಬ್ ಕಾಲಿನ್ ಮತ್ತು ಗೆಳೆಯರು ಕಟ್ಟಿದ ಈ ತಾಣ ತಾನೇ ಸರಕು ಕೊಂಡು ಮಾರುವ ಅಂಗಡಿಯಲ್ಲ. ಕರಕುಶಲಿಗಳು ತಮ್ಮ ವಸ್ತುವನ್ನು ಅಲ್ಲಿ ಇಡುತ್ತಾರೆ, ಕೊಳ್ಳುವವರು ನೇರವಾಗಿ ಅವರಿಂದ ಕೊಳ್ಳುತ್ತಾರೆ. ಆಗ ಒಂದು ವಸ್ತುವನ್ನು ಪಟ್ಟಿಗೆ ಸೇರಿಸಲು 20 ಸೆಂಟ್, ಮಾರಾಟವಾದರೆ ಬೆಲೆಯ ಶೇ. 3.5 ಕಂಪನಿಗೆ ಸೇರುತ್ತಿತ್ತು. ಊರ ಸಂತೆಯಲ್ಲಿ ಜಾಗದ ಸುಂಕ ಕಟ್ಟಿ ಕೂತಂತೆಯೇ. 2014ರ ಕೊನೆಗೆ ಈ ಸಂತೆಯಲ್ಲಿ ಸುಮಾರು 14 ಲಕ್ಷ ಮಾರಾಟಗಾರರು, ಎರಡು ಕೋಟಿಯಷ್ಟು ಗ್ರಾಹಕರಿದ್ದರು. ಆ ವರ್ಷ 193 ಕೋಟಿ ಡಾಲರ್ ವಹಿವಾಟು ನಡೆದು, ಕಂಪನಿಗೆ ಬಂದ ಆದಾಯ 19.5 ಕೋಟಿ. ಲೆಕ್ಕದ ಕೊನೆಯ ಸಾಲಿನಲ್ಲಿ ಮಾತ್ರ 1.5 ಕೋಟಿ ಡಾಲರ್ ನಷ್ಟ.

ನಷ್ಟದ ಕಂಪನಿಗೆ ಅಷ್ಟು ಬೆಲೆ ಬರಲು ಅದರ ಹೆಸರೂ ಒಂದು ಕಾರಣ. 2012ರಲ್ಲಿ ಅದು ‘ಬಿ ಕಾರ್ಪ್’ ಪ್ರಮಾಣಪತ್ರ ಪಡೆದಿತ್ತು. ಬಿ ಲ್ಯಾಬ್ ಎಂಬ ಲಾಭರಹಿತ ಸಂಸ್ಥೆ ನಡೆಸುತ್ತಿದ್ದ ಈ ಏರ್ಪಾಡು ಕಂಪನಿಗಳನ್ನು ಅವು ನೌಕರರು, ಸಮುದಾಯ, ಪರಿಸರದೊಡನೆ ನಡೆದುಕೊಳ್ಳುವ ರೀತಿಯಿಂದ ಅಳೆಯುತ್ತದೆ. ಷೇರು ಬಿಡುಗಡೆಯಲ್ಲಿ ಎಟ್ಸಿ ಶೇ. 5ರಷ್ಟನ್ನು ಸಣ್ಣ ಹೂಡಿಕೆದಾರರಿಗೂ ತನ್ನದೇ ಮಾರಾಟಗಾರರಿಗೂ ಮೀಸಲಿಟ್ಟು, ಒಬ್ಬರಿಗೆ 2,500 ಡಾಲರಿನ ಮಿತಿ ಹಾಕಿತು. ಮುಂದಿನ ವರ್ಷ ತಾಯಿ ತಂದೆ ಇಬ್ಬರಿಗೂ 26 ವಾರಗಳ ಸಂಬಳಸಹಿತ ರಜೆ ಘೋಷಿಸಿತು.

ಆದರೆ ಅದನ್ನು ಚಿನ್ನದ ಕಾಲವೆಂದು ಬಣ್ಣಿಸುವುದೂ ಸರಿಯಲ್ಲ. ಕೈಯಿಂದಲೇ ಮಾಡಿದ್ದಿರಬೇಕೆಂಬ ನಿಯಮವನ್ನು 2013ರಲ್ಲೇ ಸಡಿಲಿಸಿ, ಹೊರಗಿನ ಕಾರ್ಖಾನೆಯ ನೆರವು ಪಡೆಯಲು ಮಾರಾಟಗಾರರಿಗೆ ಅನುಮತಿ ಕೊಡಲಾಗಿತ್ತು. ಐರ್ಲೆಂಡಿನ ಅಂಗಸಂಸ್ಥೆಯ ಮೂಲಕ ಮಾಡಿಕೊಂಡ ತೆರಿಗೆಯ ಏರ್ಪಾಡು 2015ರಲ್ಲಿ ಟೀಕೆಗೆ ಗುರಿಯಾಯಿತು. ನಷ್ಟವೂ ಬೆಳೆಯಿತು: 2015ರಲ್ಲಿ 5.4 ಕೋಟಿ ಡಾಲರ್, 2016ರಲ್ಲಿ ಸುಮಾರು 3 ಕೋಟಿ. 30 ಡಾಲರಿಗೆ ಮೇಲೇರಿದ್ದ ಷೇರು 2016ರ ಆರಂಭದಲ್ಲಿ 7 ಡಾಲರಿನ ಆಸುಪಾಸಿಗೆ ಇಳಿಯಿತು.

ಮುಂದಿನದನ್ನು ಅರ್ಥಮಾಡಿಕೊಳ್ಳಲು ಎರಡು ಹಳೆಯ ಮೊಕದ್ದಮೆಗಳನ್ನು ನೆನೆಯಬೇಕು. ಮೊದಲನೆಯದು 1919ರದು. ಹೆನ್ರಿ ಫೋರ್ಡ್ ತನ್ನ ಕಾರು ಕಂಪನಿಯ ಭಾರಿ ಲಾಭವನ್ನು ಹಂಚದೆ, ಕಾರಿನ ಬೆಲೆ ಇಳಿಸಿ ಇನ್ನೂ ಹೆಚ್ಚು ಜನರಿಗೆ ಕೆಲಸ ಕೊಡುತ್ತೇನೆಂದು ಹೊರಟಾಗ, ಶೇ. 10ರಷ್ಟು ಷೇರು ಹೊಂದಿದ್ದ ಡಾಜ್ ಸಹೋದರರು ಕೋರ್ಟಿಗೆ ಹೋದರು. ವ್ಯಾಪಾರದ ಕಂಪನಿ ಮುಖ್ಯವಾಗಿ ಷೇರುದಾರರ ಲಾಭಕ್ಕಾಗಿಯೇ ಇರುವಂಥದ್ದು ಎಂದು ಮಿಷಿಗನ್‌ನ ಸರ್ವೋಚ್ಚ ನ್ಯಾಯಾಲಯ ಹೇಳಿ, ಲಾಭಾಂಶ ಹಂಚುವಂತೆ ಆದೇಶಿಸಿತು. ಎರಡನೆಯದು 2010ರದು, ಆನ್‌ಲೈನ್ ಲೋಕದ್ದೇ. ಕ್ರೇಗ್ಸ್‌ಲಿಸ್ಟ್ ತನ್ನ ಬಹುಪಾಲು ಜಾಹೀರಾತುಗಳನ್ನು ಉಚಿತವಾಗಿಯೇ ಪ್ರಕಟಿಸುತ್ತಿದ್ದ ತಾಣ. ಅದರ ಕಾಲು ಭಾಗಕ್ಕಿಂತ ಹೆಚ್ಚು ಷೇರು ಕೊಂಡಿದ್ದ ಈಬೇ ಮುಂದೆ ಹಿಡಿತ ಸಾಧಿಸದಂತೆ ಸ್ಥಾಪಕರು ರಕ್ಷಣೆಯ ಗೋಡೆ ಕಟ್ಟಿಕೊಂಡರು. ಸಮುದಾಯ ಸೇವೆಯ ನಮ್ಮ ರೀತಿಯನ್ನು ಕಾಪಾಡಲು ಎಂಬುದು ಅವರ ಸಮರ್ಥನೆ. ಡೆಲವೇರ್ ರಾಜ್ಯದ ನ್ಯಾಯಾಲಯ ಒಪ್ಪಲಿಲ್ಲ. ಲಾಭಕ್ಕಾಗಿ ನೋಂದಾಯಿಸಿದ ಕಂಪನಿಯ ರೂಪವನ್ನು ಆರಿಸಿಕೊಂಡ ಮೇಲೆ ಅದರ ಕರ್ತವ್ಯವೂ ಬೆನ್ನಿಗೆ ಬರುತ್ತದೆ ಎಂಬುದು ಆ ತೀರ್ಪಿನ ಸಾರ.

ಅಮೆರಿಕದ ದೊಡ್ಡ ಕಂಪನಿಗಳಲ್ಲಿ ಹೆಚ್ಚಿನವು ಡೆಲವೇರ್‌ನಲ್ಲೇ ನೋಂದಣಿಯಾಗಿವೆ, ಎಟ್ಸಿಯೂ ಅಷ್ಟೇ. 2013ರಲ್ಲಿ ಆ ರಾಜ್ಯ ಹೊಸದೊಂದು ಬಾಗಿಲು ತೆರೆಯಿತು. ‘ಸಾರ್ವಜನಿಕ ಹಿತದ ಕಂಪನಿ’ ಎಂದು ನೋಂದಾಯಿಸಿಕೊಂಡರೆ, ಆಡಳಿತ ಮಂಡಳಿ ಷೇರುದಾರರ ಲಾಭವನ್ನೂ ಇತರರ ಹಿತವನ್ನೂ ತಕ್ಕಡಿಯ ಎರಡು ತಟ್ಟೆಗಳಲ್ಲಿಟ್ಟು ತೂಗಬೇಕು. ಇಂಥ ಕಾನೂನಿರುವ ಕಡೆ ಬಿ ಕಾರ್ಪ್ ಕಂಪನಿಗಳು ನಿಗದಿತ ಅವಧಿಯೊಳಗೆ ಆ ರೂಪಕ್ಕೆ ಬದಲಾಗಬೇಕೆಂದು ಬಿ ಲ್ಯಾಬ್ ಷರತ್ತು ಹಾಕಿತ್ತು. ಪ್ರಮಾಣಪತ್ರ ಗೋಡೆಗೆ ತೂಗುಹಾಕುವ ಕಾಗದ. ನೋಂದಣಿಯ ದಾಖಲೆ ಮನೆಯ ಕ್ರಯಪತ್ರ. ಎಟ್ಸಿಯ ಬಳಿ ಮೊದಲನೆಯದಿತ್ತು. ಎರಡನೆಯದನ್ನು ಅದು ಮಾಡಿಸಿಕೊಳ್ಳಲೇ ಇಲ್ಲ. ಷೇರುಪೇಟೆಗೆ ಬಂದ ಮೇಲೆ ಆ ಬದಲಾವಣೆಗೆ ಮೂರನೇ ಎರಡು ಭಾಗ ಷೇರುಗಳ ಒಪ್ಪಿಗೆ ಬೇಕಿತ್ತು.

2017ರ ಮೇ ತಿಂಗಳಲ್ಲಿ ಬ್ಲ್ಯಾಕ್ ಅಂಡ್ ವೈಟ್ ಕ್ಯಾಪಿಟಲ್ ಎಂಬ ಹೂಡಿಕೆ ಸಂಸ್ಥೆ ಬಹಿರಂಗವಾಗಿ ದೂರಿತು: ಖರ್ಚು ಹೆಚ್ಚು, ಶಿಸ್ತು ಕಡಿಮೆ. ಅದರ ಕೈಯಲ್ಲಿದ್ದದ್ದು ಸುಮಾರು ಶೇ. 2ರಷ್ಟು ಷೇರು. ಅದೇ ದಿನಗಳಲ್ಲಿ ಮುಖ್ಯಸ್ಥ ಚಾಡ್ ಡಿಕರ್ಸನ್ ಅವರನ್ನು ಆಡಳಿತ ಮಂಡಳಿ ತೆಗೆದು, ಜಾಶ್ ಸಿಲ್ವರ್‌ಮನ್ ಅವರನ್ನು ಕೂರಿಸಿತು. ಎರಡು ಕಂತುಗಳಲ್ಲಿ ಸುಮಾರು 220 ಮಂದಿ, ಅಂದರೆ ಐವರಲ್ಲಿ ಒಬ್ಬರಿಗಿಂತ ಹೆಚ್ಚು ನೌಕರರು, ಕೆಲಸ ಕಳೆದುಕೊಂಡರು. ವರ್ಷದ ಕೊನೆಗೆ ಬಿ ಕಾರ್ಪ್ ಪ್ರಮಾಣಪತ್ರವನ್ನೂ ಬಿಟ್ಟುಕೊಡಲಾಯಿತು.

ಆ ವರ್ಷ ಕಂಪನಿ ಲಾಭ ಕಂಡಿತು. 2018ರಲ್ಲಿ ಮಾರಾಟಗಾರರ ಮೇಲಿನ ಕಮಿಷನ್ ಶೇ. 3.5ರಿಂದ 5ಕ್ಕೆ ಏರಿತು. ಕೋವಿಡ್ ಬಂದಾಗ ಬಟ್ಟೆಯ ಮಾಸ್ಕ್ ಹೊಲಿಯುವವರಿಗೂ ಕೊಳ್ಳುವವರಿಗೂ ಎಟ್ಸಿಯೇ ಸಂತೆಯಾಯಿತು. 2020ರಲ್ಲಿ 70 ಕೋಟಿ ಡಾಲರಿಗೂ ಮೀರಿ ಮಾಸ್ಕ್ ಮಾರಾಟವಾಗಿ, ಕಂಪನಿಯ ವಾರ್ಷಿಕ ಆದಾಯ ಎರಡು ಪಟ್ಟಿಗೂ ಹೆಚ್ಚಾಯಿತು. 2021ರ ನವೆಂಬರಿನಲ್ಲಿ ಷೇರಿನ ಬೆಲೆ 300 ಡಾಲರ್ ದಾಟಿತು.

ಇಲ್ಲಿಗೆ ಕತೆ ನಿಲ್ಲಿಸಿದರೆ ನೀತಿಯೊಂದು ತಾನಾಗಿ ಹೊಮ್ಮುತ್ತದೆ: ಹೊಣೆಗಾರಿಕೆ ನಷ್ಟದ ಬಾಬತ್ತು, ಅದನ್ನು ಕಳಚಿಟ್ಟರೆ ಲಾಭ. ಹಲವರು ಹೇಳಿದ್ದೂ ಇದನ್ನೇ. ಆದರೆ ಮುಂದಿನ ಪುಟಗಳೂ ಇವೆ. ಅದೇ ಶಿಸ್ತಿನ ಆಡಳಿತ 2021ರಲ್ಲಿ 160 ಕೋಟಿ ಡಾಲರಿಗೂ ಹೆಚ್ಚು ಕೊಟ್ಟು ಡೆಪಾಪ್ ಎಂಬ ಹಳೆಬಟ್ಟೆಯ ಮಾರುಕಟ್ಟೆಯನ್ನೂ, ಬ್ರೆಜಿಲ್‌ನ ಎಲೊ7 ಎಂಬ ಇನ್ನೊಂದನ್ನೂ ಕೊಂಡಿತು. ಮರುವರ್ಷವೇ ಆ ಎರಡರ ಮೌಲ್ಯ 100 ಕೋಟಿಗೂ ಹೆಚ್ಚು ಕುಸಿದಿದೆಯೆಂದು ತನ್ನ ಲೆಕ್ಕದಲ್ಲಿ ಬರೆದುಕೊಳ್ಳಬೇಕಾಯಿತು. 2022ರಲ್ಲಿ ಸುಮಾರು 69 ಕೋಟಿ ಡಾಲರ್ ನಷ್ಟ. ಡಿಕರ್ಸನ್ ಕಾಲದ ನಷ್ಟಗಳನ್ನೆಲ್ಲ ಕೂಡಿಸಿದರೂ ಇದರ ಹತ್ತಿರ ಬರುವುದಿಲ್ಲ. ನೌಕರರ ರಜೆಯನ್ನು ದುಂದು ಎಂದು ಕರೆಯುವ ಪೇಟೆ, ತಪ್ಪು ಖರೀದಿಯನ್ನು ಸಾಹಸ ಎಂದು ಕರೆದು ಸುಮ್ಮನಾಗುತ್ತದೆ. ಇನ್ನೊಂದು ಮಾತೂ ನಿಜ: ಪ್ರಮಾಣಪತ್ರ ಬಿಟ್ಟ ಮೇಲೆಯೇ, 2019ರಲ್ಲಿ, ತನ್ನ ಪಾರ್ಸೆಲ್ ಸಾಗಣೆಯಿಂದಾಗುವ ಇಂಗಾಲದ ಹೊರೆಗೆಲ್ಲ ತಾನೇ ಹಣ ತೆತ್ತು ಸರಿದೂಗಿಸುವುದಾಗಿ ಎಟ್ಸಿ ಘೋಷಿಸಿತು. ಕಾಗದವಿದ್ದಾಗ ಎಲ್ಲವೂ ಶುದ್ಧವಿರಲಿಲ್ಲ, ಹೋದ ಮೇಲೆ ಎಲ್ಲವೂ ಕೆಡಲಿಲ್ಲ.

ಹಾಗಾದರೆ ಇಂಥ ವ್ಯಾಪಾರವನ್ನು ಹೂಡಿಕೆಯಾಗಿ ತೂಗುವುದು ಹೇಗೆ? ಈ ಚರಿತ್ರೆ ಮೂರು ಪ್ರಶ್ನೆಗಳನ್ನು ಕಲಿಸುತ್ತದೆ ಎಂದು ನನಗನ್ನಿಸುತ್ತದೆ.

ಮೊದಲನೆಯದು, ಕೊಟ್ಟ ಮಾತು ಎಲ್ಲಿ ಬರೆದಿದೆ? ಜಾಹೀರಾತಿನಲ್ಲಿದ್ದರೆ ಜಾಹೀರಾತು ಬದಲಾದಾಗ ಹೋಗುತ್ತದೆ, ಮುಖ್ಯಸ್ಥರ ಮನಸ್ಸಿನಲ್ಲಿದ್ದರೆ ಅವರೊಂದಿಗೆ ಹೋಗುತ್ತದೆ. ನೋಂದಣಿಯ ದಾಖಲೆಯಲ್ಲಿದ್ದರೆ ಅಳಿಸಲು ಎಲ್ಲರೆದುರು ಮತ ಹಾಕಬೇಕಾಗುತ್ತದೆ.

ಎರಡನೆಯದು, ಆದಾಯ ಯಾರ ಜೇಬಿನಿಂದ ಬೆಳೆಯುತ್ತಿದೆ? ಸಂತೆ ದೊಡ್ಡದಾಗಿ ಸುಂಕದ ಮೊತ್ತ ಹೆಚ್ಚುವುದು ಒಂದು ರೀತಿ. ಸಂತೆ ಅಷ್ಟೇ ಇದ್ದು ಸುಂಕದ ದರ ಹೆಚ್ಚುವುದು ಇನ್ನೊಂದು. ಎರಡೂ ವಾರ್ಷಿಕ ವರದಿಯಲ್ಲಿ ‘ಬೆಳವಣಿಗೆ’ ಎಂಬ ಒಂದೇ ಹೆಸರಿನಲ್ಲಿ ಬರುತ್ತವೆ. ಒಟ್ಟು ವಹಿವಾಟಿನಲ್ಲಿ ಕಂಪನಿ ಇಟ್ಟುಕೊಳ್ಳುವ ಪಾಲು ವರ್ಷದಿಂದ ವರ್ಷಕ್ಕೆ ಹೇಗೆ ಬದಲಾಗಿದೆ ಎಂದು ಭಾಗಿಸಿ ನೋಡಿದರೆ ವ್ಯತ್ಯಾಸ ಕಾಣುತ್ತದೆ. ಎಟ್ಸಿಯ ಪಾಲು 2014ರಲ್ಲಿ ಹತ್ತರಲ್ಲಿ ಒಂದು ಭಾಗ. 2020ರಲ್ಲಿ ಆರರಲ್ಲಿ ಒಂದು ಭಾಗ. ಕಮಿಷನ್ನಿನ ಜೊತೆಗೆ ಜಾಹೀರಾತು, ಹಣ ಪಾವತಿಯ ಶುಲ್ಕ ಎಲ್ಲವೂ ಅದರಲ್ಲಿವೆ.

ಮೂರನೆಯದು, ಒಡೆಯರು ಯಾರು, ಅವರ ತಾಳ್ಮೆ ಎಷ್ಟು? 1844ರಲ್ಲಿ ಇಂಗ್ಲೆಂಡಿನ ರಾಚ್‌ಡೇಲ್‌ನಲ್ಲಿ ನೇಕಾರರೂ ಇತರ ಕೆಲಸಗಾರರೂ ಸೇರಿ ತೆರೆದ ಅಂಗಡಿಯಲ್ಲಿ, ಹಾಕಿದ ಹಣ ಎಷ್ಟೇ ಇರಲಿ, ಒಬ್ಬರಿಗೆ ಒಂದೇ ಮತ. 1905ರಲ್ಲಿ ಗದಗಿನ ಬಳಿಯ ಕಣಗಿನಹಾಳದಲ್ಲಿ ಶುರುವಾದ ಸಹಕಾರಿ ಸಂಘವೂ ಆ ಚಳವಳಿಯ ವಂಶದ್ದೇ. ಅಂಥ ಸಂಸ್ಥೆಗಳಿಗೂ ತಮ್ಮವೇ ರೋಗಗಳಿವೆ, ಅದು ನಮಗೆ ಗೊತ್ತು. ಆದರೆ ಶೇ. 2ರಷ್ಟು ಪಾಲು ಕೊಂಡವರು ಬಂದು ದಿಕ್ಕು ಬದಲಿಸಲು ಒತ್ತಡ ಹೇರುವುದು ಅಲ್ಲಿ ಸುಲಭವಲ್ಲ. ಅದಕ್ಕೆ ತೆರುವ ಬೆಲೆಯೂ ಉಂಟು: ಅಲ್ಲಿ 16 ಡಾಲರ್ 300 ಆಗುವುದಿಲ್ಲ.

ಕೊನೆಗೆ ಆ ಸಂತೆಯವರ ಕಡೆಗೆ ಮರಳೋಣ. 2022ರ ಏಪ್ರಿಲ್ 11ರಂದು ಕಮಿಷನ್ ಶೇ. 6.5ಕ್ಕೆ ಏರಿದಾಗ, ಸಾವಿರಾರು ಮಾರಾಟಗಾರರು ಒಂದು ವಾರ ತಮ್ಮ ಆನ್‌ಲೈನ್ ಅಂಗಡಿಗಳ ಬಾಗಿಲು ಹಾಕಿ ಮುಷ್ಕರ ಹೂಡಿದರು. ಏರಿಕೆ ನಿಲ್ಲಲಿಲ್ಲ. 2015ರ ಮೀಸಲು ಷೇರನ್ನು ಕೊಂಡು, ಅಲ್ಲಿಯವರೆಗೂ ಇಟ್ಟುಕೊಂಡಿದ್ದ ಮಾರಾಟಗಾರ್ತಿಯೊಬ್ಬಳನ್ನು ಊಹಿಸಿಕೊಳ್ಳಿ. 16 ಡಾಲರಿನ ಷೇರು ಆಗ 100 ಡಾಲರಿಗೂ ಮೇಲಿತ್ತು. ಪ್ರತಿಯೊಂದು ಸರ, ಪ್ರತಿಯೊಂದು ಸ್ವೆಟರಿನ ಮೇಲೆ ಅವಳು ಕೊಡುವ ಹೆಚ್ಚುವರಿ ಒಂದೂವರೆ ಡಾಲರ್—ನೂರು ಡಾಲರಿನ ಮಾರಾಟಕ್ಕೆ—ಕಂಪನಿಯ ಆದಾಯವಾಗಿ, ಅವಳದೇ ಷೇರಿನ ಬೆಲೆಗೆ ಸೇರುತ್ತದೆ. ಷೇರುದಾರಳಾಗಿ ಅವಳು ಆ ಏರಿಕೆಯನ್ನು ಸ್ವಾಗತಿಸಬೇಕು, ಕೆಲಸಗಾರ್ತಿಯಾಗಿ ಅಂಗಡಿ ಮುಚ್ಚಬೇಕು.

ಒಳ್ಳೆಯದೆಂದು ಹೆಸರಾದ ಕಂಪನಿಯಲ್ಲಿ ಹಣ ಹಾಕುವ ನಾವೆಲ್ಲರೂ ಸ್ವಲ್ಪಮಟ್ಟಿಗೆ ಅವಳ ಜಾಗದಲ್ಲೇ ಇದ್ದೇವೆ. 2017ರಲ್ಲಿ ಎಟ್ಸಿಯನ್ನು ಬದಲಿಸಿದ್ದು ಷೇರುದಾರರ ಒತ್ತಡ, ಷೇರುದಾರರೆಂದರೆ ನಮ್ಮಂಥವರ ಉಳಿತಾಯವೂ ಸೇರಿದ ದುಡ್ಡು. ಬೆಲೆ ಅರ್ಧಕ್ಕಿಳಿದ ವರ್ಷದಲ್ಲೂ ನಾನು ಈ ಷೇರನ್ನು ಇಟ್ಟುಕೊಂಡಿರುತ್ತೇನೆಯೇ? ಹಣ ಹಾಕುವ ಮುನ್ನ ಈ ಪ್ರಶ್ನೆಗೆ ಉತ್ತರ ಬರೆದಿಟ್ಟುಕೊಂಡವರಿಗೆ ಕಂಪನಿಯ ಹೊಣೆಗಾರಿಕೆಯ ಬಗ್ಗೆ ಕೇಳುವ ಹಕ್ಕು ಸ್ವಲ್ಪ ಹೆಚ್ಚೇ ಇರುತ್ತದೆ.