ಹೃದಯದ ಒಳದಾರಿಯನ್ನು ತೋರಿಸಿದವರು



ತೊಡೆಯ ರಕ್ತನಾಳದ ಮೂಲಕ ತೆಳುವಾದ ನಳಿಕೆಯನ್ನು ಹೃದಯದವರೆಗೆ ಸಾಗಿಸಿ, ಎದೆ ಕೊಯ್ಯದೆಯೇ ಹೃದಯಬಡಿತದ ದೋಷ ಸರಿಪಡಿಸುವ ಕ್ಯಾಥೆಟರ್ ಅಬ್ಲೇಶನ್ ಚಿಕಿತ್ಸೆಯ ಬಗ್ಗೆ ತಾವು ಕೇಳಿರಬಹುದು. ಹೃದಯದ ಒಳರಚನೆಯನ್ನು ಅರಿಯದೆ ಈ ಚಿಕಿತ್ಸೆ ಸಾಧ್ಯವಿಲ್ಲ. ಆ ಅರಿವಿನ ಇತಿಹಾಸದಲ್ಲಿ ನಾವು ಮರೆಯಬಾರದ ಒಂದು ಹೆಸರು ಇಬ್ನುನ್ನಫೀಸ್.

ದಮಾಸ್ಕಸ್‌ನಲ್ಲಿ ವೈದ್ಯಶಾಸ್ತ್ರ ಕಲಿತ ಇವರು ಕೈರೋದಲ್ಲಿ ಹೆಸರಾಂತ ವೈದ್ಯರಾದರು. ಹೃದಯದ ಬಲಭಾಗದ ರಕ್ತವು ನಡುಗೋಡೆಯ ಕಾಣದ ರಂಧ್ರಗಳ ಮೂಲಕ ಎಡಭಾಗಕ್ಕೆ ಹೋಗುತ್ತದೆಂದು ಗ್ರೀಕ್ ವೈದ್ಯ ಗ್ಯಾಲನ್ ಹೇಳಿದ್ದ. ಸಾವಿರ ವರ್ಷಕ್ಕೂ ಮಿಕ್ಕಿ ಜನ ಅದನ್ನೇ ನಂಬಿದ್ದರು. ಇಬ್ನು ಸೀನಾರ 'ಅಲ್ ಖಾನೂನ್' ಗ್ರಂಥದ ಅಂಗರಚನಾ ಭಾಗಕ್ಕೆ 1242ರಲ್ಲಿ ವ್ಯಾಖ್ಯಾನ ಬರೆದ ಇಬ್ನುನ್ನಫೀಸ್, ನಡುಗೋಡೆಯಲ್ಲಿ ರಂಧ್ರಗಳೇ ಇಲ್ಲ, ರಕ್ತವು ಶ್ವಾಸಕೋಶವನ್ನು ಹಾದು ಎಡಭಾಗವನ್ನು ಸೇರುತ್ತದೆ ಎಂದು ಸ್ಪಷ್ಟವಾಗಿ ಬರೆದರು. ಗುರುಗಳ ಮೇಲಿನ ಗೌರವ ಸತ್ಯ ನುಡಿಯಲು ಅವರಿಗೆ ಅಡ್ಡಿಯಾಗಲಿಲ್ಲ.

1288ರಲ್ಲಿ ನಿಧನರಾದ ಅವರು ತಮ್ಮ ಮನೆಯನ್ನೂ ಗ್ರಂಥಭಂಡಾರವನ್ನೂ ಕೈರೋದ ಮನ್ಸೂರಿ ಆಸ್ಪತ್ರೆಗೆ ಬಿಟ್ಟುಕೊಟ್ಟರು. ಆದರೆ ಅವರ ಈ ಶೋಧ ಆಧುನಿಕ ಜಗತ್ತಿಗೆ ತಿಳಿದದ್ದು 1924ರಲ್ಲಿ, ಈಜಿಪ್ಟಿನ ವೈದ್ಯ ಮುಹ್ಯಿದ್ದೀನ್ ತತಾವೀ ಬರ್ಲಿನ್ ಗ್ರಂಥಾಲಯದ ಹಸ್ತಪ್ರತಿಯನ್ನು ಓದಿದಾಗ!

ಇಟಲಿಯ ಯೂಸ್ಟೇಕಿಯೂ ಹೀಗೆಯೇ. ಅಧೋ ಮಹಾಭಿಧಮನಿಯು ಬಲ ಹೃತ್ಕರ್ಣವನ್ನು ಸೇರುವ ಬಾಯಲ್ಲಿರುವ ಪುಟ್ಟ ಕವಾಟವನ್ನು ಅವರು 16ನೇ ಶತಮಾನದಲ್ಲಿ ವಿವರಿಸಿದರು. ಅವರು 1552ರಲ್ಲಿ ಸಿದ್ಧಪಡಿಸಿದ ಅಂಗರಚನಾ ಚಿತ್ರಗಳಲ್ಲಿ ಹೆಚ್ಚಿನವು ಅಚ್ಚಾದದ್ದು 1714ರಲ್ಲಿ.

ಆ ಪುಟ್ಟ ಕವಾಟದಿಂದ ಏನು ಪ್ರಯೋಜನ ಎಂದು ಕೇಳುತ್ತೀರಾ? ಏಟ್ರಿಯಲ್ ಫ್ಲಟರ್ ಕಾಯಿಲೆಯಲ್ಲಿ ಸಾಮಾನ್ಯವಾಗಿ ವಿದ್ಯುತ್ ಅಲೆಯು ಬಲ ಹೃತ್ಕರ್ಣದೊಳಗೆ, ತ್ರಿದಳ ಕವಾಟದ ಸುತ್ತ, ನಿಮಿಷಕ್ಕೆ ಸುಮಾರು 300 ಬಾರಿ ಸುತ್ತುತ್ತದೆ. ತ್ರಿದಳ ಕವಾಟಕ್ಕೂ ಅಧೋ ಮಹಾಭಿಧಮನಿಗೂ ನಡುವಿನ ಕಿರಿದಾದ ಪಟ್ಟಿಯನ್ನು ಅದು ಹಾದುಹೋಗಲೇಬೇಕು. ಯೂಸ್ಟೇಕಿಯ ಕವಾಟದ ದಿಣ್ಣೆ ಅಲೆಯು ಅಡ್ಡದಾರಿ ಹಿಡಿಯದಂತೆ ತಡೆಯುತ್ತದೆ. 1990ರ ದಶಕದ ಆರಂಭದಲ್ಲಿ ಅಮೆರಿಕ ಮತ್ತು ಸ್ಪೇನ್‌ನ ವೈದ್ಯರು ಈ ಪಟ್ಟಿಯ ಮೇಲೆ ಶಾಖದಿಂದ ಗೆರೆ ಎಳೆದು ಅಲೆಯ ದಾರಿಯನ್ನು ಮುಚ್ಚಿದರು. ಬಡಿತ ಸರಿಹೋಯಿತು.

ಇಬ್ನುನ್ನಫೀಸ್ ಈ ಕಾಯಿಲೆಯ ಬಗ್ಗೆ ಬರೆದವರಲ್ಲ. ಇಲ್ಲದ ಕೀರ್ತಿಯನ್ನು ಅವರಿಗೆ ಕಟ್ಟುವುದು ಬೇಡ. ಹೃದಯದ ಗೋಡೆ ಹೇಗಿದೆಯೋ ಹಾಗೆಯೇ ಹೇಳಿದರು, ಅಷ್ಟು ಸಾಕು. ವಿದ್ಯಾರ್ಥಿ ಮಿತ್ರರೇ, ಪೂರ್ವಿಕರ ಹೆಸರು ಹೇಳಿ ಹೆಮ್ಮೆಪಡುವುದು ಸುಲಭ. ಅವರ ಗ್ರಂಥ ಶತಮಾನಗಳ ಕಾಲ ಕಪಾಟಿನಲ್ಲಿ ಉಳಿದದ್ದೂ ನಮ್ಮದೇ ಇತಿಹಾಸ. ಪುಸ್ತಕ ಕಾಯ್ದಿಟ್ಟರೆ ಸಾಲದು, ಬಿಡಿಸಿ ಓದುವವರು ಬೇಕು. ಆ ಕೆಲಸ ಈಗ ತಮ್ಮದು.