ಇಂಜನಿಯರಿಂಗ್ ಉನ್ನತ ಪದವಿಯ ನಿಯಮಗಳು ಬೆಳೆದುಬಂದ ಬಗೆ

ಯಾವ ವಿದ್ಯಾಲಯದ ನಿಯಮಾವಳಿಯಾದರೂ ಮೇಲುನೋಟಕ್ಕೆ ನೀರಸವಾದ ಬರೆಹವೇ ಸರಿ. ಇಷ್ಟು ಅಂಕಗಳು ಬಂದಿರಬೇಕು, ಇಷ್ಟು ಕಾಲ ಓದಬೇಕು, ಇಂತಹ ಪರೀಕ್ಷೆಯಲ್ಲಿ ಉತ್ತೀರ್ಣನಾಗಬೇಕು ಎಂಬ ಕಟ್ಟಳೆಗಳ ಹೊರತು ಅದರಲ್ಲಿ ಮತ್ತೇನೂ ಕಾಣಬರುವುದಿಲ್ಲ. ಆದರೆ ಒಂದು ನಾಡು ತನ್ನ ವಿದ್ಯೆಯ ಬಾಗಿಲನ್ನು ಯಾರಿಗೆ ತೆರೆಯಿತು, ಯಾವುದನ್ನು ಪರಿಪೂರ್ಣವಾದ ವಿದ್ಯೆಯೆಂದು ಎಣಿಸಿತು ಎಂಬ ಸಂಗತಿಗಳು ಆ ಕಟ್ಟಳೆಗಳಲ್ಲಿಯೇ ಅಡಗಿರುವುವು. ಮಠಗಳ ಪ್ರಸಾದನಿಲಯಗಳಲ್ಲಿ ಉಂಡು ಓದಿದ ಎಷ್ಟೋ ಮಂದಿ ಬಾಲಕರು ಇಂಜನಿಯರಿಂಗ್ ಪದವೀಧರರಾಗಿರುವರು. ಅವರ ಮಕ್ಕಳು ಈಗ ಅದಕ್ಕೂ ಮೇಲಿನ ಎಂ.ಟೆಕ್. ಪದವಿಯನ್ನು ಬಯಸುತ್ತಿರುವರು. ಆದುದರಿಂದ ಆ ಪದವಿಗೆ ಪ್ರವೇಶವು ಹೇಗೆ, ಪರಿಸಮಾಪ್ತಿಯು ಹೇಗೆ, ಆ ನಿಯಮಗಳು ಎಲ್ಲಿಂದ ಹುಟ್ಟಿ ಬಂದುವು ಎಂಬುದನ್ನು ಅರಿತುಕೊಳ್ಳುವುದು ಸದ್ಭಕ್ತರಿಗೆ ಉಪಯುಕ್ತವೆನಿಸದಿರದು.

ಪದವೀಧರರಾದವರ ಮುಂದಿನ ಅಧ್ಯಯನಕ್ಕೂ ಸಂಶೋಧನೆಗೂ ಒಂದು ಪ್ರತ್ಯೇಕ ಸಂಸ್ಥೆಯು ಬೇಕೆಂಬ ಸಂಕಲ್ಪವು ಭರತಖಂಡದಲ್ಲಿ ಮೊದಲು ರೂಪುಗೊಂಡುದು ಜಮ್‌ಶೆಟ್‌ಜಿ ಟಾಟಾ ಅವರ ಮನಸ್ಸಿನಲ್ಲಿ. ಅವರು 1898ರ ನವೆಂಬರ್ ತಿಂಗಳಲ್ಲಿ ಸ್ವಾಮಿ ವಿವೇಕಾನಂದರಿಗೆ ಈ ವಿಷಯವಾಗಿ ಕಾಗದವನ್ನು ಬರೆದರು. ಸಂಕಲ್ಪವು ಕಾರ್ಯರೂಪಕ್ಕೆ ಬರುವುದರೊಳಗಾಗಿ, 1904ರಲ್ಲಿ, ಟಾಟಾ ಅವರು ಕಾಲವಾದರು. ಮೈಸೂರು ಸಂಸ್ಥಾನವು ಬೆಂಗಳೂರಿನಲ್ಲಿ 371 ಎಕರೆಗಳಿಗೆ ಮಿಕ್ಕಿದ ಭೂಮಿಯನ್ನು ದಾನಮಾಡಿತು. 1909ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯು ಶಾಸನಬದ್ಧವಾಗಿ ಅಸ್ತಿತ್ವಕ್ಕೆ ಬಂದಿತು. 1911ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರವರು ಅಸ್ತಿವಾರದ ಶಿಲೆಯನ್ನಿಟ್ಟರು. ಅದೇ ವರ್ಷದ ಜುಲೈ ತಿಂಗಳಲ್ಲಿ ಮೊದಲ ವಿದ್ಯಾರ್ಥಿಗಳು ಒಳಬಂದರು. ಆಗ ತೆರೆಯಲ್ಪಟ್ಟ ವಿಭಾಗಗಳಲ್ಲಿ ಆಲ್ಫ್ರೆಡ್ ಹೇ ಎಂಬವರ ಅಧೀನದಲ್ಲಿದ್ದ ವಿದ್ಯುತ್ ತಂತ್ರವಿದ್ಯೆಯದೂ ಒಂದು. ಶಿವನಸಮುದ್ರದ ವಿದ್ಯುಚ್ಛಕ್ತಿಯು 1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೂ, 1905ರಲ್ಲಿ ಬೆಂಗಳೂರಿನ ಬೀದಿಗಳಿಗೂ ಹರಿದಿದ್ದ ನಾಡಿನಲ್ಲಿ ಈ ವಿದ್ಯೆಗೆ ನೆಲೆ ದೊರೆತುದು ಸಹಜವೇ ಆಗಿದ್ದಿತು.

ಇಲ್ಲಿ ಗಮನಿಸಬೇಕಾದ ವಿಚಾರವೊಂದುಂಟು. ಈ ಸಂಸ್ಥೆಗೆ ಮೊದಲ ನಾಲ್ಕೂವರೆ ದಶಕಗಳವರೆಗೆ ಸ್ವತಃ ಪದವಿಯನ್ನು ಕೊಡುವ ಅಧಿಕಾರವೇ ಇರಲಿಲ್ಲ. ಓದಿ ಸಂಶೋಧನೆ ಮಾಡಿದವರಿಗೆ ಅದು ಡಿಪ್ಲೊಮಾವನ್ನೋ ‘ಅಸೋಸಿಯೇಟ್’ ಎಂಬ ಬಿರುದನ್ನೋ ಕೊಡುತ್ತಿದ್ದಿತು; ವಿಶ್ವವಿದ್ಯಾಲಯದ ಪದವಿಯೇ ಬೇಕೆಂದವರು ತಮ್ಮ ಪ್ರಬಂಧವನ್ನು ಬೇರೊಂದು ವಿಶ್ವವಿದ್ಯಾಲಯಕ್ಕೆ ಒಪ್ಪಿಸಬೇಕಾಗಿದ್ದಿತು. ಹಾಗಿದ್ದರೂ ಆ ಬಿರುದಿಗೆ ದೇಶದಲ್ಲಿ ಮನ್ನಣೆಯಿದ್ದಿತು. ಅದನ್ನು ಪಡೆದವನು ಪ್ರಯೋಗಶಾಲೆಯಲ್ಲಿ ಕುಳಿತು ತನ್ನ ಕೈಯಾರೆ ಒಂದು ಕೆಲಸವನ್ನು ಸಾಧಿಸಿರುವನೆಂಬುದು ಎಲ್ಲರಿಗೂ ತಿಳಿದಿದ್ದುದೇ ಅದಕ್ಕೆ ಕಾರಣ.

ಪದವಿಯ ಕೊರತೆಯಿಂದ ತೊಂದರೆಯಾಗಲಿಲ್ಲವೆಂದಲ್ಲ. ಉನ್ನತ ಇಂಜನಿಯರಿಂಗ್ ಪದವಿಯನ್ನು ಬಯಸಿದವರು ಆ ಕಾಲದಲ್ಲಿ ಸಮುದ್ರವನ್ನು ದಾಟಬೇಕಾಯಿತು. ಮುಂದೆ ಇದೇ ಸಂಸ್ಥೆಯ ನಿರ್ದೇಶಕರಾದ ಸತೀಶ ಧವನರು ಲಾಹೋರಿನಲ್ಲಿ ಓದಿ, 1947ರಲ್ಲಿ ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ವಿಮಾನಶಾಸ್ತ್ರದ ಸ್ನಾತಕೋತ್ತರ ಪದವಿಯನ್ನು ಪಡೆದರು. ಮೈಸೂರು ವಿಶ್ವವಿದ್ಯಾಲಯದಲ್ಲಿ ಗಣಿತದ ಎಂ.ಎಸ್ಸಿ. ಮುಗಿಸಿದ್ದ ರಾಜೇಶ್ವರಿ ಚಟರ್ಜಿಯವರು ಬೆಂಗಳೂರಿನ ಸಂಸ್ಥೆಯ ವಿದ್ಯುತ್ ವಿಭಾಗವನ್ನು ಸೇರಿ, ಅಲ್ಲಿಂದ ಮಿಷಿಗನ್ ವಿಶ್ವವಿದ್ಯಾಲಯಕ್ಕೆ ತೆರಳಿ, ಅಲ್ಲಿಯೇ ಸ್ನಾತಕೋತ್ತರ ಪದವಿಯನ್ನೂ ಡಾಕ್ಟರೇಟನ್ನೂ ಗಳಿಸಿ, 1953ರಲ್ಲಿ ಮರಳಿ ಬಂದು ಬೋಧಕರಾದರು. ಗಣಿತದ ಬಾಗಿಲಿನಿಂದ ಇಂಜನಿಯರಿಂಗ್ ಮನೆಯನ್ನು ಹೊಕ್ಕ ಈ ಕನ್ನಡ ನಾಡಿನ ಹೆಣ್ಣುಮಗಳ ದಾರಿಯು ಇಂದಿಗೂ ಮುಚ್ಚಿಲ್ಲ. ಇಂಜನಿಯರಿಂಗಿನ ಕೆಲವು ಶಾಖೆಗಳಿಗೆ ಗಣಿತ, ಭೌತಶಾಸ್ತ್ರ ಮುಂತಾದ ವಿಷಯಗಳ ಎಂ.ಎಸ್ಸಿ. ಪದವೀಧರರನ್ನೂ ಸೇರಿಸಿಕೊಳ್ಳುವ ಪದ್ಧತಿಯು ಅನೇಕ ಸಂಸ್ಥೆಗಳಲ್ಲಿ ಉಂಟು.

ಎರಡನೆಯ ಮಹಾಯುದ್ಧವು ದೇಶದ ಕಣ್ಣನ್ನು ತೆರೆಯಿಸಿತು. 1940ರಲ್ಲಿ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆಯು ಸ್ಥಾಪಿತವಾಗಲು, 1942ರಲ್ಲಿ ವಿಜ್ಞಾನ ಸಂಸ್ಥೆಯಲ್ಲಿ ವಿಮಾನಶಾಸ್ತ್ರದ ವಿಭಾಗವು ಏರ್ಪಟ್ಟಿತು. ಯುದ್ಧವು ಮುಗಿದ ಬಳಿಕ ನಳಿನಿ ರಂಜನ್ ಸರ್ಕಾರರ ಸಮಿತಿಯು ದೇಶದ ನಾಲ್ಕು ದಿಕ್ಕುಗಳಲ್ಲಿಯೂ ಉನ್ನತ ತಂತ್ರವಿದ್ಯಾ ಸಂಸ್ಥೆಗಳು ಬೇಕೆಂದು ಸಲಹೆಮಾಡಿತು. ಅದರ ಮೊದಲ ಫಲವಾದ ಖರಗಪುರದ ಐ.ಐ.ಟಿ.ಯು 1951ರಲ್ಲಿ ಆರಂಭವಾಯಿತು. ಸ್ವಾತಂತ್ರ್ಯ ಹೋರಾಟಗಾರರನ್ನು ಸೆರೆಯಿಟ್ಟಿದ್ದ ಹಿಜಲಿಯ ಬಂದೀಖಾನೆಯ ಕಟ್ಟಡವೇ ಅದರ ಮೊದಲ ವಿದ್ಯಾಮಂದಿರವಾದುದು ಇತಿಹಾಸದ ಒಂದು ಸೊಗಸು. 1958ರಲ್ಲಿ ಬೆಂಗಳೂರಿನ ಸಂಸ್ಥೆಗೆ ವಿಶ್ವವಿದ್ಯಾಲಯದ ಸ್ಥಾನವು ದೊರೆಯಲು, ಅದು ತನ್ನದೇ ಪದವಿಗಳನ್ನು ಕೊಡತೊಡಗಿತು.

ಇದೇ ಕಾಲಕ್ಕೆ ಕನ್ನಡ ನಾಡಿನಲ್ಲಿ ಇಂಜನಿಯರಿಂಗ್ ವಿದ್ಯೆಯ ಬುಡವು ಅಗಲವಾಗುತ್ತಲಿದ್ದಿತು. 1917ರಲ್ಲಿ ವಿಶ್ವೇಶ್ವರಯ್ಯನವರ ಪ್ರಯತ್ನದಿಂದ ಬೆಂಗಳೂರಿನಲ್ಲಿ ಆರಂಭವಾದ ಕಾಲೇಜೊಂದನ್ನೇ ನಾಡು ಬಹುಕಾಲ ನೆಚ್ಚಿಕೊಂಡಿದ್ದಿತು. ಬಳಿಕ 1947ರಲ್ಲಿ ಕೆ.ಎಲ್.ಇ. ಸಂಸ್ಥೆಯು ಹುಬ್ಬಳ್ಳಿಯಲ್ಲಿಯೂ, 1958ರಲ್ಲಿ ಹೈದರಾಬಾದ್ ಕರ್ನಾಟಕ ಶಿಕ್ಷಣ ಸಂಸ್ಥೆಯು ಕಲಬುರಗಿಯಲ್ಲಿಯೂ, 1963ರಲ್ಲಿ ಬಸವೇಶ್ವರ ವಿದ್ಯಾವರ್ಧಕ ಸಂಘವು ಬಾಗಲಕೋಟೆಯಲ್ಲಿಯೂ, ಅದೇ ವರ್ಷ ಸಿದ್ಧಗಂಗಾ ಮಠವು ತುಮಕೂರಿನಲ್ಲಿಯೂ, ಸುತ್ತೂರು ಮಠದ ವಿದ್ಯಾಪೀಠವು ಮೈಸೂರಿನಲ್ಲಿಯೂ ಇಂಜನಿಯರಿಂಗ್ ಕಾಲೇಜುಗಳನ್ನು ಕಟ್ಟಿದುವು. ಅನ್ನದಾಸೋಹದ ಜೊತೆಗೆ ಜ್ಞಾನದಾಸೋಹವನ್ನೂ ವ್ರತವಾಗಿ ಹಿಡಿದ ಮಠಗಳು ಯಂತ್ರವಿದ್ಯೆಯನ್ನೂ ತಮ್ಮ ಸೇವೆಯೊಳಗೆ ಸೇರಿಸಿಕೊಂಡ ಕಾಲವದು. ಒಕ್ಕಲಿಗನ ಮಗನೂ ನೇಕಾರನ ಮಗನೂ ಪದವೀಧರರಾಗಿ ಹೊರಬಂದರು.

ಪದವೀಧರರು ಹೆಚ್ಚಿದಂತೆ ತೊಡಕೊಂದು ತಲೆದೋರಿತು. ಒಂದೊಂದು ವಿಶ್ವವಿದ್ಯಾಲಯದ ಅಂಕಗಳು ಒಂದೊಂದು ತೂಕದವು. ಒಂದು ಕಡೆಯ ಅರುವತ್ತು ಮತ್ತೊಂದು ಕಡೆಯ ಎಪ್ಪತ್ತಕ್ಕೆ ಸಮವಾಗಿರಬಹುದು. ಅಂಕಪಟ್ಟಿಯೊಂದನ್ನೇ ನೋಡಿ ಆರಿಸಿದರೆ, ಕಟ್ಟುನಿಟ್ಟಾಗಿ ಅಂಕ ಕೊಡುವ ದೂರದ ಊರಿನ ಕಾಲೇಜಿನ ವಿದ್ಯಾರ್ಥಿಗೆ ಅನ್ಯಾಯವಾಗುವುದು. ಸಂಸ್ಥೆಗೊಂದರಂತೆ ಪರೀಕ್ಷೆಯನ್ನು ನಡೆಯಿಸಿದರೆ, ಊರೂರು ಅಲೆಯಲು ಹಣವಿಲ್ಲದ ಬಡವನು ಹಿಂದೆ ಬೀಳುವನು. ಚರ್ಮವಿಜ್ಞಾನಿ ವೈ. ನಾಯುಡಮ್ಮನವರ ಅಧ್ಯಕ್ಷತೆಯ ಸಮಿತಿಯು ಸ್ನಾತಕೋತ್ತರ ಇಂಜನಿಯರಿಂಗ್ ಶಿಕ್ಷಣವನ್ನು ಪರಿಶೀಲಿಸಿ 1980ರಲ್ಲಿ ವರದಿಯನ್ನೊಪ್ಪಿಸಿತು. ಆ ದಶಕದ ಮೊದಲ ಭಾಗದಲ್ಲಿಯೇ ದೇಶಕ್ಕೆಲ್ಲ ಒಂದೇ ಆದ ‘ಗೇಟ್’ ಪರೀಕ್ಷೆಯು ಜಾರಿಗೆ ಬಂದಿತು. ಎಂ.ಟೆಕ್. ಅವಧಿಯನ್ನು ಆಗ ಮೂರು ಸೆಮಿಸ್ಟರುಗಳಿಗೆ ಇಳಿಸಲಾಯಿತು. ಪ್ರಬಂಧದ ಕೆಲಸಕ್ಕೆ ಅಷ್ಟು ಕಾಲವು ಸಾಲದೆ, ಮುಂದೆ ಮತ್ತೆ ನಾಲ್ಕು ಸೆಮಿಸ್ಟರುಗಳಾದುವು.

ಈಗಿನ ಪ್ರವೇಶಕ್ರಮವು ಹೀಗಿರುವುದು. ಗೇಟ್ ಪರೀಕ್ಷೆಯನ್ನು ಬೆಂಗಳೂರಿನ ವಿಜ್ಞಾನ ಸಂಸ್ಥೆಯೂ ಏಳು ಐ.ಐ.ಟಿ.ಗಳೂ ಸರದಿಯಂತೆ ನಡೆಯಿಸುವುವು. ಮೂರು ಗಂಟೆಗಳ ಕಾಲ, 65 ಪ್ರಶ್ನೆಗಳು, 100 ಅಂಕಗಳು. ಇವುಗಳಲ್ಲಿ 15 ಅಂಕಗಳು ಸಾಮಾನ್ಯ ಬುದ್ಧಿಶಕ್ತಿಗೆ, ಉಳಿದುವು ಶಾಸ್ತ್ರವಿಷಯಕ್ಕೆ. ಕೊಟ್ಟ ಉತ್ತರಗಳಲ್ಲಿ ಒಂದನ್ನೇ ಆರಿಸಬೇಕಾದ ಪ್ರಶ್ನೆಗೆ ತಪ್ಪು ಗುರುತು ಹಾಕಿದರೆ ಅದರ ಅಂಕದ ಮೂರನೆಯ ಒಂದು ಪಾಲನ್ನು ಕಳೆಯುವರು. ಲೆಕ್ಕಮಾಡಿ ಸಂಖ್ಯೆಯನ್ನೇ ಬರೆಯಬೇಕಾದ ಪ್ರಶ್ನೆಗಳಿಗೆ ಈ ಕಳೆತವಿಲ್ಲ. ಬಂದ ಫಲಿತಾಂಶವು ಮೂರು ವರ್ಷ ಊರ್ಜಿತವಾಗಿರುವುದು. ಕರ್ನಾಟಕದ ಕಾಲೇಜುಗಳ ಮಟ್ಟಿಗೆ, ಇಂಜನಿಯರಿಂಗ್ ಪದವಿಯಲ್ಲಿ ಶೇಕಡಾ 50, ಪರಿಶಿಷ್ಟ ವರ್ಗಗಳವರಿಗೂ ಪ್ರವರ್ಗ ಒಂದರವರಿಗೂ ಶೇಕಡಾ 45 ಅಂಕಗಳಿರಬೇಕೆಂಬುದು ನಿಯಮ. ಗೇಟ್ ಇಲ್ಲದವರಿಗೆಂದು ರಾಜ್ಯದ ಪರೀಕ್ಷಾ ಪ್ರಾಧಿಕಾರವು ಪಿ.ಜಿ.ಸಿ.ಇ.ಟಿ.ಯನ್ನು ನಡೆಯಿಸುವುದು.

ಗೇಟ್‌ನಲ್ಲಿ ಅರ್ಹತೆ ಪಡೆದು ಮಾನ್ಯ ಸಂಸ್ಥೆಯನ್ನು ಸೇರಿದವನಿಗೆ ತಿಂಗಳಿಗೆ 12,400 ರೂಪಾಯಿಗಳ ವಿದ್ಯಾರ್ಥಿವೇತನವು ಗೊತ್ತಾಗಿರುವುದು. ಇದು ಬರಿಯ ದಾನವಲ್ಲ. ವೇತನವನ್ನು ಪಡೆಯುವವನು ವಾರಕ್ಕೆ ಕೆಲವು ಗಂಟೆಗಳ ಕಾಲ ಪ್ರಯೋಗಶಾಲೆಯಲ್ಲಿ ಕಿರಿಯರಿಗೆ ನೆರವಾಗಬೇಕೆಂಬ ಕಟ್ಟಳೆಯುಂಟು. ಪಡೆದುದಕ್ಕೆ ಪ್ರತಿಯಾಗಿ ದುಡಿಯಬೇಕೆಂಬ ಈ ಏರ್ಪಾಡು ಕಾಯಕವನ್ನು ಅರಿತವರಿಗೆ ಹೊಸದಲ್ಲ. ತಂದೆತಾಯಿಗಳಿಗೆ ಹೊರೆಯಾಗದೆ ಓದಬಹುದಾದ ಈ ಮಾರ್ಗವನ್ನು ಅರಿಯದೆ, ಬುದ್ಧಿವಂತರಾದ ಎಷ್ಟೋ ಮಕ್ಕಳು ಪ್ರಥಮ ಪದವಿಗೇ ನಿಂತುಬಿಡುವರು.

ಇನ್ನು ಪರಿಸಮಾಪ್ತಿಯ ವಿಚಾರ. ಅಖಿಲ ಭಾರತ ತಾಂತ್ರಿಕ ಶಿಕ್ಷಣ ಮಂಡಲಿಯು 2018ರಲ್ಲಿ ಹೊರಡಿಸಿದ ಮಾದರಿ ಪಠ್ಯಕ್ರಮದಂತೆ ಎರಡು ವರ್ಷಗಳಲ್ಲಿ 68 ಕ್ರೆಡಿಟ್‌ಗಳನ್ನು ಸಂಪಾದಿಸಬೇಕು. ವಾರಕ್ಕೆ ಒಂದು ಗಂಟೆಯ ಪಾಠವು ಒಂದು ಕ್ರೆಡಿಟ್. ಎರಡು ಗಂಟೆಗಳ ಪ್ರಯೋಗವೂ ಅಷ್ಟೇ. ಮೊದಲ ವರ್ಷವು ಬಹುಮಟ್ಟಿಗೆ ಪಾಠಗಳದು. ಎರಡನೆಯ ವರ್ಷದಲ್ಲಿ ಮೂರನೆಯ ಸೆಮಿಸ್ಟರಿನ 10, ನಾಲ್ಕನೆಯದರ 16, ಒಟ್ಟು 26 ಕ್ರೆಡಿಟ್‌ಗಳು ಪ್ರಬಂಧವೊಂದಕ್ಕೇ ಮೀಸಲು. ಎಂದರೆ ಪದವಿಯ ಮೂರನೆಯ ಒಂದು ಪಾಲಿಗಿಂತಲೂ ಹೆಚ್ಚಿನದು ವಿದ್ಯಾರ್ಥಿಯ ಸ್ವಂತ ಕೆಲಸದಲ್ಲಿರುವುದು. ಗುರುವಿನ ಮಾರ್ಗದರ್ಶನದಲ್ಲಿ ಒಂದು ಸಮಸ್ಯೆಯನ್ನಾರಿಸಿಕೊಂಡು, ಹಿಂದಿನವರು ಮಾಡಿರುವುದನ್ನು ಓದಿ, ಪ್ರಯೋಗವನ್ನೋ ಗಣನೆಯನ್ನೋ ನಡೆಯಿಸಿ, ಫಲವನ್ನು ಬರೆದು, ಕೊನೆಯಲ್ಲಿ ಹೊರಗಿನಿಂದ ಬಂದ ಪರೀಕ್ಷಕರ ಎದುರಿನಲ್ಲಿ ಅದನ್ನು ಸಮರ್ಥಿಸಬೇಕು. ಆಗ ಗೇಟ್‌ನ ಅಂಕಗಳನ್ನು ಯಾರೂ ಕೇಳರು. ‘ಇದನ್ನು ನೀನೇ ಮಾಡಿದೆಯಾ, ಏಕೆ ಹೀಗೆ ಮಾಡಿದೆ’ ಎಂಬುದಷ್ಟೇ ಪ್ರಶ್ನೆ.

ಈ ಇತಿಹಾಸದಿಂದ ಸ್ಪಷ್ಟವಾಗುವ ತತ್ತ್ವವು ಒಂದೇ. ಪ್ರವೇಶದ ನಿಯಮಗಳು ಕಾಲಕಾಲಕ್ಕೆ ಬದಲಾಗಿರುವುವು. ಪದವಿಯ ಹೆಸರೂ ಅವಧಿಯೂ ಬದಲಾಗಿರುವುವು. ಬದಲಾಗದೆ ನಿಂತುದು ಸ್ವಂತ ಕೆಲಸವೊಂದನ್ನು ಸಾಧಿಸಿ ತೋರಿಸಬೇಕೆಂಬ ನಿಯಮ. ಪದವಿಯೇ ಇಲ್ಲದಿದ್ದ ದಿನಗಳಲ್ಲಿ ಬೆಂಗಳೂರಿನ ಸಂಸ್ಥೆಯ ಬಿರುದಿಗೆ ಬೆಲೆ ತಂದುದು ಅದೇ. ಇಂದಾದರೋ ಸ್ಥಾನವು ದೊರೆತ ದಿವಸವೇ ಮನೆಯಲ್ಲಿ ಹಬ್ಬವಾಗುವುದು. ಪ್ರಬಂಧವು ಎಲ್ಲಿಯವರೆಗೆ ಬಂದಿತೆಂದು ಕೇಳುವವರು ವಿರಳ. ಹಣವನ್ನು ತೆತ್ತು ಇತರರಿಂದ ಪ್ರಬಂಧವನ್ನು ಬರೆಯಿಸಿಕೊಳ್ಳುವ ಕೆಟ್ಟ ಚಾಳಿಯೂ ಅಲ್ಲಲ್ಲಿ ತಲೆಯೆತ್ತಿರುವುದು. ಹಾಗೆ ಪಡೆದ ಪದವಿಯು ಕಾಗದದಲ್ಲಿ ಉಳಿಯುವುದೇ ಹೊರತು, ಅದರ ಬಲದಿಂದ ಕಟ್ಟಿದ ಸೇತುವೆಯು ಭಾರವನ್ನು ಹೊರದು.

ಮಕ್ಕಳನ್ನು ಉನ್ನತ ವಿದ್ಯೆಗೆ ಕಳುಹಿಸುವ ಸದ್ಭಕ್ತರು ಪ್ರವೇಶಕ್ಕಾಗಿ ಎಷ್ಟು ಕಳವಳಪಡುವರೋ ಪರಿಸಮಾಪ್ತಿಯ ವಿಷಯದಲ್ಲಿಯೂ ಅಷ್ಟೇ ಆಸ್ಥೆಯನ್ನು ತೋರುವುದು ಯುಕ್ತ. ಬಾಗಿಲನ್ನು ತೆರೆಯಿಸಲು ಸರ್ಕಾರದ ವೇತನವೂ ಮಠಗಳ ದಾಸೋಹವೂ ನೆರವಾಗಬಲ್ಲುವು. ಆದರೆ ಒಳಹೊಕ್ಕ ಮೇಲೆ ಮಾಡಬೇಕಾದ ಕಾಯಕವನ್ನು ಮತ್ತೊಬ್ಬರು ಮಾಡಿಕೊಡಲಾರರು. ಅದನ್ನರಿತು ದುಡಿದ ವಿದ್ಯಾರ್ಥಿಗಳಿಂದ ನಾಡಿಗೂ ಅವರನ್ನು ಪೋಷಿಸಿದ ಮಠಗಳಿಗೂ ಕೀರ್ತಿಯುಂಟಾಗಲಿ.