ಕಾಡಾದ ಊರು

ವರ್ಜೀನಿಯಾದ ಶೆನಂಡೋವಾ ರಾಷ್ಟ್ರೀಯ ಉದ್ಯಾನದ 105 ಮೈಲಿ ಉದ್ದದ ಸ್ಕೈಲೈನ್ ಡ್ರೈವ್‌ನಲ್ಲಿ, ಹೇಝಲ್ ಬೆಟ್ಟದ ವೀಕ್ಷಣಾ ತಾಣದ ಬಳಿ ಮಗ ಕಾರು ನಿಲ್ಲಿಸಿದನು. ಕಣ್ಣೆಟುಕುವಷ್ಟು ದೂರವೂ ಹಸಿರು. ಅನಾದಿಕಾಲದ ಅರಣ್ಯವೆಂದೇ ನಾನು ಭಾವಿಸಿದೆ. ಅಲ್ಲ, ಅಲ್ಲಿ ಹೊಲ, ಸೇಬಿನ ತೋಟ, ಶಾಲೆಗಳಿದ್ದವು. 1935ರಲ್ಲಿ ಸ್ಥಾಪನೆಯಾದ ಈ ಉದ್ಯಾನಕ್ಕಾಗಿ ರಾಜ್ಯ ಸರ್ಕಾರವು ಕಾನೂನಿನ ಬಲದಿಂದ ಭೂಮಿಯನ್ನು ವಶಪಡಿಸಿಕೊಂಡಿತು. ಸುಮಾರು 500 ಕುಟುಂಬಗಳು ಬೆಟ್ಟವಿಳಿಯಬೇಕಾಯಿತು. ಗೇಣಿದಾರರಿಗೆ ಭೂಮಿಯ ಪರಿಹಾರವೂ ಇಲ್ಲ! ಕೆಲವು ವೃದ್ಧರಿಗೆ ಮಾತ್ರ ಜೀವಿತಾವಧಿಯವರೆಗೆ ಅಲ್ಲಿರಲು ಅನುಮತಿ ದೊರೆಯಿತು. ಅವರಲ್ಲಿ ಕೊನೆಯವರಾದ ಆನಿ ಶೆಂಕ್ 1979ರಲ್ಲಿ ತೀರಿಕೊಂಡರು.

ಲಿಂಗನಮಕ್ಕಿ ಹಿನ್ನೀರಿನ ದಂಡೆಯ ಶಾಲೆಯಲ್ಲಿ ನಿಮಗೆ ಇತಿಹಾಸ ಬೋಧಿಸಿದ ನಾನು, 1964ರ ಅಣೆಕಟ್ಟೆಯಿಂದ ಮುಳುಗಿದ ಊರುಗಳನ್ನು ಒಂದು ದಿನವೂ ಪ್ರಸ್ತಾಪಿಸಲಿಲ್ಲ. ಪಠ್ಯದಲ್ಲಿರಲಿಲ್ಲ, ನಿಜ, ಆದರೆ ನೀವೆಲ್ಲ ಎದುರಿಗೇ ಕುಳಿತಿದ್ದಿರಿ. ನಿಮ್ಮ ಅಜ್ಜಂದಿರ ಊರಿನ ಹೆಸರುಗಳನ್ನು ಈಗಲಾದರೂ ಬರೆದು ಕಳುಹಿಸುವಿರಾ?